ಜೋಗಮ್ಮನ ಕೈಗುಣದ ಬಗ್ಗೆ ಚಿಟಿಕೆ ಪೇ ಕಂಪನಿಗೆ ಒಂದು ಮನವಿ

ಇಂದ:
ಆದೆಪ್ಪ, ಒಗ್ಗರಣೆ-ಮಿರ್ಚಿ ಬಂಡಿ, ಬಸ್ ನಿಲ್ದಾಣದ ಎದುರು, ಮಕ್ತಲ್.

ಗೆ:
ಚಿಟಿಕೆ ಪೇ ಕಂಪನಿಯ ‘ರಿಸ್ಕ್ ಟೀಮ್’ ಅವರ ಸನ್ನಿಧಾನಕ್ಕೆ.

ಮಾನ್ಯರೇ,

ತಮಗೆ ಮಕ್ತಲ್ ಬಸ್ ನಿಲ್ದಾಣದ ಎದುರಿನ ಐದು ಅಂಗಡಿಗಳ ಪರವಾಗಿ ಸಾಷ್ಟಾಂಗ ನಮಸ್ಕಾರಗಳು. ನಾವು ಇಲ್ಲಿ ಇದ್ದುದರಲ್ಲಿ ಕ್ಷೇಮವಾಗಿದ್ದೇವೆ. ನಮ್ಮ ದುಡ್ಡು ತಮ್ಮಲ್ಲಿ ನಮಗಿಂತ ಕ್ಷೇಮವಾಗಿದೆ ಎಂದು ತಾವೇ ದಿನಕ್ಕೆರಡು ಸಲ ಸಂದೇಶ ಕಳಿಸುತ್ತಿರುವುದರಿಂದ ಅದರ ಯೋಗಕ್ಷೇಮವನ್ನು ಬೇರೆಯಾಗಿ ವಿಚಾರಿಸುವುದಿಲ್ಲ. ತಾವು ಒಬ್ಬರೋ ಹಲವರೋ, ಗಂಡಸರೋ ಹೆಂಗಸರೋ ಅಥವಾ ಯಂತ್ರವೋ ಎಂಬುದು ಎಷ್ಟು ವಿಚಾರಿಸಿದರೂ ತಿಳಿಯಲಿಲ್ಲವಾದ್ದರಿಂದ ‘ಮಾನ್ಯರೇ’ ಎಂದು ಬರೆದಿದ್ದೇನೆ. ಯಂತ್ರವಾಗಿದ್ದಲ್ಲಿ ತಪ್ಪು ತಿಳಿಯಬಾರದು, ನಮ್ಮ ಕಡೆ ಆಯುಧಪೂಜೆಯ ದಿನ ಯಂತ್ರಕ್ಕೂ ಕುಂಕುಮ ಹಚ್ಚಿ ಕೈ ಮುಗಿಯುವ ಪದ್ಧತಿ ಇದೆ.

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ದೂರಿನ ಪತ್ರ ಬರೆಯುವಾಗ ಮೊದಲು ಎದುರಿನವರ ಒಳ್ಳೆಯ ಗುಣಗಳನ್ನು ಹೇಳಬೇಕು, ಆಮೇಲೆ ತಕರಾರು ಎತ್ತಬೇಕು ಎಂದು ನಮ್ಮ ಮೇಷ್ಟ್ರು ಕಲಿಸಿದ್ದರು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಹತ್ತಕ್ಕೆ ಏಳು ಅಂಕ ಬಂದಿದ್ದವು. ಸಹಿ ಮಾಡುವುದನ್ನು ಮರೆತದ್ದಕ್ಕೆ ಮೂರು ಹೋದವು. ಈ ಸಲ ಸಹಿ ಮರೆಯುವುದಿಲ್ಲ, ಹೊಗಳಿಕೆಯಲ್ಲೂ ಕೊರತೆ ಮಾಡುವುದಿಲ್ಲ.

ತಮ್ಮ ಕಂಪನಿಯ ಮಾತಾಡುವ ಡಬ್ಬಿ ನಮ್ಮ ಸಾಲಿಗೆ ಬಂದು ಎರಡು ವರ್ಷವಾಯಿತು. ಗದ್ವಾಲ್‌ನಿಂದ ತಮ್ಮ ಏಜೆಂಟ್ ಸಾಯಿನಾಥ ಅವರು ಮೋಟಾರ್‌ಸೈಕಲ್ ಮೇಲೆ ಬಂದು, ನಾಲ್ಕು ಮಿರ್ಚಿ ಬಜ್ಜಿ ತಿಂದು, “ಅಣ್ಣಾ, ಗಿರಾಕಿ ಸ್ಕ್ಯಾನ್ ಮಾಡಿದ್ರಾತು, ನೀವು ಚಿಟಿಕಿ ಹೊಡಿಯೋದ್ರಾಗ ರೊಕ್ಕ ಬ್ಯಾಂಕಿಗೆ ಬಿದ್ದಿರ್ತೈತಿ ನೋಡ್ರಿ” ಎಂದು ಚಿಟಿಕೆ ಹೊಡೆದು ತೋರಿಸಿದರು. ಆ ಡಬ್ಬಿಯೊಳಗಿನ ಹೆಂಗಸಿನ ಕನ್ನಡ ಎಷ್ಟು ನಯವಾಗಿದೆಯೆಂದರೆ, ನಮ್ಮ ಸಾಲಿನಲ್ಲಿ ಅಷ್ಟು ನಯವಾಗಿ ಮಾತಾಡುವವರು ಸಾಲ ಕೇಳಲು ಬಂದವರು ಮಾತ್ರ. ಆಕೆ ಬಂದ ಮೇಲೆ ನನ್ನ ವ್ಯಾಪಾರ ಇಡೀ ಬಸ್ ನಿಲ್ದಾಣಕ್ಕೆ ಗೊತ್ತಾಗತೊಡಗಿತು. ಮೊದಲು ಯಾರಾದರೂ ಕೈಗಡ ಕೇಳಿದರೆ “ಇವತ್ತ ಗಿರಾಕಿನ ಇಲ್ಲಪಾ” ಎಂದು ನಿಶ್ಚಿಂತೆಯಿಂದ ಸುಳ್ಳು ಹೇಳುತ್ತಿದ್ದೆ. ಈಗ ನಾನು ಹಾಗೆಂದು ಬಾಯಿ ಮುಚ್ಚುವಷ್ಟರಲ್ಲಿ ಆಕೆ “ಚಿಟಿಕೆ ಪೇ ಮೂಲಕ ಅರವತ್ತು ರೂಪಾಯಿ ಸ್ವೀಕರಿಸಲಾಗಿದೆ” ಎನ್ನುತ್ತಾಳೆ. ನನ್ನನ್ನು ಸತ್ಯವಂತನನ್ನಾಗಿ ಮಾಡಿದ ಕೀರ್ತಿ ತಮ್ಮದು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನನ್ನ ಹೆಂಡತಿ ರಜಿತಾಳಿಗೆ ಆಗದ ಕೆಲಸ ಅದು.

ಹೊಗಳಿಕೆ ಇಲ್ಲಿಗೆ ಸಾಕೆಂದು ಭಾವಿಸಿ ತಕರಾರಿಗೆ ಬರುತ್ತೇನೆ.

ಇಂದಿಗೆ ಸರಿಯಾಗಿ ನಲವತ್ತೊಂದು ದಿನದ ಹಿಂದೆ ನಮ್ಮ ಐದೂ ಅಂಗಡಿಗಳಿಗೆ ಒಂದೇ ಹೊತ್ತಿಗೆ ತಮ್ಮ ಸಂದೇಶ ಬಂತು. “ನಿಮ್ಮ ಖಾತೆಯಲ್ಲಿ ಅಸಹಜ ವೃತ್ತಾಕಾರದ ವಹಿವಾಟು ಕಂಡುಬಂದಿರುವುದರಿಂದ ನಿಮ್ಮದೇ ಸುರಕ್ಷತೆಗಾಗಿ ನಿಮ್ಮ ಹಣವನ್ನು ತಡೆಹಿಡಿಯಲಾಗಿದೆ. ಪರಿಶೀಲನೆಗೆ ನೂರೆಂಬತ್ತು ದಿನಗಳವರೆಗೆ ಬೇಕಾಗಬಹುದು. ನಿಮ್ಮ ತಾಳ್ಮೆಗೆ ಧನ್ಯವಾದಗಳು.” ನನ್ನ ಮೂವತ್ತೊಂದು ಸಾವಿರದ ನಾನೂರ ಎಂಬತ್ತು ರೂಪಾಯಿ ಅಂದಿನಿಂದ ತಮ್ಮ ಬಳಿ ಸುರಕ್ಷಿತವಾಗಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ಇಷ್ಟು ದಿನ ಬರೀ ಕೇಳಿದ್ದೆ. ನಡುವೆ ಆ ಡಬ್ಬಿಯ ಹೆಂಗಸಿಗೆ ಮಾತ್ರ ಯಾರೂ ವಿಷಯ ತಿಳಿಸಿಲ್ಲ. ಆಕೆ ಮೊದಲಿನಷ್ಟೇ ಹಿಗ್ಗಿನಿಂದ “ಸ್ವೀಕರಿಸಲಾಗಿದೆ” ಎನ್ನುತ್ತಲೇ ಇದ್ದಾಳೆ. ಮುಗ್ಧೆಯ ಮನಸ್ಸನ್ನು ನಾನೇಕೆ ನೋಯಿಸಲಿ ಎಂದು ಸುಮ್ಮನಿದ್ದೇನೆ. ಕಡಲೆಹಿಟ್ಟಿನ ಸೇಠ್ ಮಾತ್ರ ಸುಮ್ಮನಿಲ್ಲ.

ಮಾನ್ಯರೇ, ತಾವು ಪತ್ತೆ ಹಚ್ಚಿದ ವೃತ್ತ ನಿಜವೇ. ಆದರೆ ಅದು ತಮ್ಮ ಕಂಪನಿ ಹುಟ್ಟುವ ಮೊದಲೇ ನಮ್ಮ ಸಾಲಿನಲ್ಲಿತ್ತು. ಅದರ ಹೆಸರು ಬೋಣಿ. ದಿನದ ಮೊದಲ ವ್ಯಾಪಾರ ಯಾರ ಕೈಯಿಂದ ಆಗುತ್ತದೋ ಅವರ ಕೈಗುಣ ಇಡೀ ದಿನ ಅಂಗಡಿಯನ್ನು ಕಾಯುತ್ತದೆ ಎಂಬುದು ನಮ್ಮ ನಂಬಿಕೆ. ನಮ್ಮ ಸಾಲಿನಲ್ಲಿ ಒಳ್ಳೆಯ ಕೈಗುಣ ಯಾರದೆಂದರೆ ಹೂ ಮಾರುವ ಜೋಗಮ್ಮನದು. ಆಕೆಗೆ ಎಪ್ಪತ್ತರ ಮೇಲೆ ವಯಸ್ಸು. ಕನ್ನಡದವರಿಗೂ ತೆಲುಗಿನವರಿಗೂ ಆಕೆ ಪೆದ್ದಮ್ಮ, ಅಂದರೆ ದೊಡ್ಡಮ್ಮ. ಜೋಗಮ್ಮ ಬೆಳಿಗ್ಗೆ ಬಂದು ನನಗೆ ಒಂದು ರೂಪಾಯಿ ಕೊಡುತ್ತಾಳೆ. ಬೋಣಿ ಕೊಟ್ಟವರು ಬರಿಗೈಯಲ್ಲಿ ಹೋಗಬಾರದಾದ್ದರಿಂದ ನಾನು ಒಂದು ಮಿರ್ಚಿ ಕೊಡುತ್ತೇನೆ. ಅದೇ ರೂಪಾಯಿಯನ್ನು ನಾನು ದರ್ಜಿ ಕರಿಬಸಯ್ಯನಿಗೆ ಕೊಟ್ಟು ಒಂದು ಗುಂಡಿ ತರುತ್ತೇನೆ. ಕರಿಬಸಯ್ಯ ಅದನ್ನು ಪಂಕ್ಚರ್ ಅಂಗಡಿ ಎಂಕಪ್ಪನಿಗೆ ಕೊಟ್ಟು ತನ್ನ ಸೈಕಲ್ಲಿನ ಒಂದು ಗಾಲಿಗೆ ಗಾಳಿ ಹಾಕಿಸುತ್ತಾನೆ. ಎಂಕಪ್ಪ ಅದನ್ನು ಜೆರಾಕ್ಸ್ ಅಂಗಡಿ ಅಂಜನಕುಮಾರನಿಗೆ ಕೊಟ್ಟು ಒಂದು ಪ್ರತಿ ತೆಗೆಸುತ್ತಾನೆ. ಬೇರೆ ಕಾಗದವಿಲ್ಲದ ಕಾರಣ ದಿನವೂ ತನ್ನ ರೇಷನ್ ಕಾರ್ಡನ್ನೇ ತೆಗೆಸುತ್ತಾನೆ. ಈಗ ಆತನ ಮನೆಯಲ್ಲಿ ಅದರ ಸಾವಿರಾರು ಪ್ರತಿಗಳಿವೆ, ಅಕ್ಕಿ ಮಾತ್ರ ಒಂದಕ್ಕೇ ಬರುತ್ತದೆ. ಕೊನೆಗೆ ಅಂಜನಕುಮಾರ ಆ ರೂಪಾಯಿಯನ್ನು ಜೋಗಮ್ಮನಿಗೇ ಕೊಟ್ಟು ದೇವರ ಪಟಕ್ಕೆ ಒಂದು ಗೇಣು ಹೂ ತರುತ್ತಾನೆ. ರೂಪಾಯಿ ಹೊರಟಲ್ಲಿಗೇ ಬಂತು, ಐದು ಅಂಗಡಿಗಳ ಬೋಣಿಯೂ ಆಯಿತು.

ಹದಿನೇಳು ವರ್ಷ ಒಂದೇ ನಾಣ್ಯ ಹೀಗೆ ಸುತ್ತಿತು. ಸುತ್ತಿ ಸುತ್ತಿ ಸಿಂಹಗಳ ಮುಖ ಸವೆದು ಬೆಕ್ಕುಗಳಂತೆ ಕಾಣುತ್ತಿದ್ದವು. ಆಮೇಲೆ ತಮ್ಮ ಸಾಯಿನಾಥ ಅವರು ಬಂದು, “ಪೆದ್ದಮ್ಮಾ, ಈ ರೂಪಾಯಿನೂ ಫೋನ್‌ದಾಗ ಹೊಡಿರಿ, ವಹಿವಾಟ ಜಾಸ್ತಿ ಆದಷ್ಟೂ ಕಂಪನಿಗೆ ನಿಮ್ಮ ಮ್ಯಾಲ ನಂಬಿಕಿ ಬರ್ತೈತಿ” ಎಂದು ಹೇಳಿಕೊಟ್ಟರು. ಜೋಗಮ್ಮ ನಾಣ್ಯವನ್ನು ಅರಿಶಿನದ ಡಬ್ಬಿಯಲ್ಲಿಟ್ಟು ಫೋನ್ ಹಿಡಿದಳು. ತಮಗೆ ನಮ್ಮ ಮೇಲೆ ನಂಬಿಕೆ ಬರಲಿ ಎಂದು ಮಾಡಿದ್ದರಿಂದಲೇ ತಮಗೆ ನಮ್ಮ ಮೇಲೆ ಅನುಮಾನ ಬಂದಿದೆ.

ಹೊತ್ತಿನ ಬಗ್ಗೆಯೂ ತಾವು ಆಕ್ಷೇಪ ಎತ್ತಿದ್ದೀರಿ. ಸೋಮವಾರ ಏಳೂವರೆಯೊಳಗೆ, ಶನಿವಾರ ಒಂಬತ್ತರೊಳಗೆ, ಉಳಿದ ದಿನ ಸಾವಕಾಶವಾಗಿ ಐದು ಜನರು ಒಂದೊಂದು ರೂಪಾಯಿ ರವಾನಿಸುವುದು ‘ಪೂರ್ವಯೋಜಿತ ಜಾಲದ ಲಕ್ಷಣ’ ಎಂದು ಬರೆದಿದ್ದೀರಿ. ಜಾಲ ಹೌದು, ಯೋಜನೆ ಮಾತ್ರ ನಮ್ಮದಲ್ಲ, ಪಂಚಾಂಗದ್ದು. ಸೋಮವಾರ ಏಳೂವರೆಗೆ ರಾಹುಕಾಲ ಹತ್ತುತ್ತದೆ, ಶನಿವಾರ ಒಂಬತ್ತಕ್ಕೆ. ರಾಹುವನ್ನು ಸಂಪರ್ಕಿಸಿ ಖಚಿತಪಡಿಸಿಕೊಳ್ಳಬೇಕೆಂದರೆ ಆತನ ಮೊಬೈಲ್ ಸಂಖ್ಯೆ ನಮ್ಮಲ್ಲಿಲ್ಲ.

ತಾವು ಕೇಳಿದ ದಾಖಲೆಗಳನ್ನೆಲ್ಲ ನಾನು ನಿಷ್ಠೆಯಿಂದ ಒದಗಿಸಿದ್ದೇನೆ. ಆಧಾರ್ ಕೊಟ್ಟೆ. ಬಂಡಿಯ ಮುಂದೆ ನಿಂತ ಫೋಟೋ ಕೊಟ್ಟೆ. ಒಂದು ರೂಪಾಯಿ ವಹಿವಾಟಿನ ಉದ್ದೇಶವೇನೆಂದು ಕೇಳಿದ ಕಡೆ ‘ಬಾಡಿಗೆ, ಸಾಲ, ಸಂಬಳ, ಇತರೆ’ ಎಂದು ನಾಲ್ಕೇ ಇದ್ದವು, ಬೋಣಿ ಇರಲಿಲ್ಲ. ‘ಇತರೆ’ ಒತ್ತಿದೆ. ವಿವರಿಸಿ ಎಂದಿತು. ವಿವರಿಸಿದೆ. ಅದಕ್ಕೆ ತಾವು, ಪ್ರತಿ ರೂಪಾಯಿಗೂ ಮಾರಿದ ಸರಕಿನ ಫೋಟೋ ಮೂಲ ಪ್ಯಾಕಿಂಗ್ ಸಮೇತ ಬೇಕೆಂದಿರಿ. ಮಾನ್ಯರೇ, ಮಿರ್ಚಿಯ ಮೂಲ ಪ್ಯಾಕಿಂಗ್ ಹಿಂದಿನ ದಿನದ ದಿನಪತ್ರಿಕೆ. ಅದರ ಫೋಟೋ ಕಳಿಸಿದ್ದಕ್ಕೆ, ‘ನೀವು ಸಲ್ಲಿಸಿದ ದಾಖಲೆಯಲ್ಲಿ ಬೇರೊಬ್ಬ ವ್ಯಕ್ತಿಯ ಮುಖವಿದೆ’ ಎಂದು ತಿರಸ್ಕರಿಸಿದಿರಿ. ಅದು ಶ್ರದ್ಧಾಂಜಲಿ ಪುಟ. ಆ ಪುಣ್ಯಾತ್ಮರು ಇಲ್ಲೇ ಹತ್ತಿರದ ನಾರ್ವ ಎಂಬ ಊರಿನವರು, ಮೂರನೇ ವರ್ಷದ ಪುಣ್ಯಸ್ಮರಣೆ. ಅವರ ಒಪ್ಪಿಗೆ ಪತ್ರವನ್ನು ಏಳು ದಿನದೊಳಗೆ ತರಬೇಕೆಂಬ ತಮ್ಮ ಸೂಚನೆಯನ್ನು ಪಾಲಿಸಲು ನಾನು ಇನ್ನೂ ಮನಸ್ಸು ಮಾಡಿಲ್ಲ.

ಎಂಕಪ್ಪನ ಪಾಡು ಇನ್ನೂ ಕಷ್ಟ. ಆತ ಗಾಳಿಯ ಫೋಟೋ ಕಳಿಸಬೇಕಿತ್ತು. ಕಳಿಸಿದ. ‘ಚಿತ್ರ ಸ್ಪಷ್ಟವಾಗಿಲ್ಲ’ ಎಂದು ವಾಪಸು ಬಂತು.

ಸಹಾಯವಾಣಿಗೆ ಹದಿನಾಲ್ಕು ಸಲ ಫೋನ್ ಮಾಡಿದ್ದೇನೆ. ಹದಿನಾಲ್ಕು ಸಲವೂ ನನ್ನ ತಾಳ್ಮೆಗೆ ಧನ್ಯವಾದ ಹೇಳಿದರು. ನನಗೆ ತಾಳ್ಮೆ ಇದೆ ಎಂದು ತಮಗೆ ಯಾರು ಹೇಳಿದರೋ ತಿಳಿಯದು. ಈ ಸುದ್ದಿ ಕೇಳಿ ರಜಿತಾ ಎರಡು ದಿನ ನಕ್ಕಳು. ಕೊನೆಗೆ ನಾರಾಯಣಪೇಟೆಗೆ ಹೋಗಿ ಬ್ಯಾಂಕಿನಲ್ಲಿ ಕೇಳಿದೆ. ಹಣ ನಮ್ಮ ತನಕ ಬಂದಿಲ್ಲ, ಕಂಪನಿಯನ್ನೇ ಕೇಳಿ ಎಂದರು. ಹೋದ ವಾರ ಸಾಯಿನಾಥ ಅವರೇ ಬಂಡಿಗೆ ಬಂದಿದ್ದರು. ನಾಲ್ಕು ಮಿರ್ಚಿ ತಿಂದು, ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ “ಅಣ್ಣಾ, ಬ್ಯಾಸರ ಮಾಡ್ಕೋಬ್ಯಾಡ್ರಿ, ನಾ ನಗದ ಕೊಡ್ತೀನಿ” ಎಂದು ಇಪ್ಪತ್ತರ ನೋಟು ಇಟ್ಟು ಹೋದರು.

ಇಷ್ಟೆಲ್ಲವನ್ನೂ ನಾನು ನುಂಗಿಕೊಳ್ಳಬಲ್ಲೆ. ನುಂಗಲಾಗದ್ದು ಒಂದೇ, ಈ ಪತ್ರ ಬರೆದದ್ದೂ ಅದಕ್ಕಾಗಿಯೇ.

ಮುಟ್ಟುಗೋಲು ಬಿದ್ದ ಐವರಲ್ಲಿ ಜೋಗಮ್ಮನದು ಬಹಳ ಸಣ್ಣ ಮೊತ್ತ, ಆರು ಸಾವಿರದ ಇನ್ನೂರ ಹನ್ನೆರಡು ರೂಪಾಯಿ. ಆಕೆ ದುಡ್ಡಿಗಾಗಿ ಅಳಲಿಲ್ಲ. ತಮ್ಮ ಸಂದೇಶವನ್ನು ಅಂಜನಕುಮಾರನಿಂದ ಓದಿಸಿಕೊಂಡಳು. ಐದು ಖಾತೆಗಳ ಆ ವಹಿವಾಟು ಮೊದಲು ಯಾರಿಂದ ಶುರುವಾಯಿತು ಎಂಬ ಕಡೆ ತಾವು ಆಕೆಯ ಹೆಸರು ಹಾಕಿದ್ದಿರಿ. ‘ಅಪಾಯದ ಮೂಲ: ಜೋಗಮ್ಮ.’ ಅದನ್ನು ಕೇಳಿ ಆಕೆ ಬುಟ್ಟಿಯ ಹೂವನ್ನು ಹಾಗೆಯೇ ಬಿಟ್ಟು ತನ್ನ ಬಲಗೈಯನ್ನು ಮಗುಚಿ ಮಗುಚಿ ನೋಡಿಕೊಂಡಳು. “ನನ್ ಕೈಗುಣನ ಕೆಟ್ಟೈತಪ್ಪಾ ಆದೆಪ್ಪಾ. ಐದು ಮನಿ ಅನ್ನಾ ಕಟ್ಟ್ ಮಾಡ್ತು ಈ ಕೈ. ಇನ್ನ ನನ್ ಕಡಿಂದ ಬೋಣಿ ತಗೋಬ್ಯಾಡ್ರಿ” ಎಂದಳು. ಕಂಪನಿಯ ತಪ್ಪು, ಯಂತ್ರದ ತಪ್ಪು ಎಂದು ನಾವು ನಾಲ್ವರೂ ಹೇಳಿದೆವು. ಕೇಳಲಿಲ್ಲ. “ರೊಕ್ಕ ಹೋದ್ರ ಬರ್ತೈತಿ. ಕೈ ಹೋದ್ರ ಎಲ್ಲಿಂದ ತರ್ಲಿ?” ಎಂದು ಎದ್ದು ಹೋದವಳು ಮತ್ತೆ ಬರಲಿಲ್ಲ.

ನಲವತ್ತು ದಿನದಿಂದ ನಮ್ಮ ಸಾಲಿನಲ್ಲಿ ಹೂವಿನ ಬುಟ್ಟಿ ಇಲ್ಲ. ನಾವು ನಾಲ್ವರು ಬೆಳಿಗ್ಗೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ, ಯಾರೂ ರೂಪಾಯಿ ತೆಗೆಯುವುದಿಲ್ಲ. ಮಾನ್ಯರೇ, ನನ್ನ ತಾಯಿ ತೀರಿಕೊಂಡು ಹದಿಮೂರನೇ ದಿನಕ್ಕೆ ನಾನು ಬಂಡಿ ತೆಗೆದಾಗ, ಮೈಲಿಗೆ ಮನೆಯವನೆಂದು ಗಿರಾಕಿಗಳು ಹಿಂದೆ ಮುಂದೆ ನೋಡುತ್ತಿದ್ದಾಗ, ಜೋಗಮ್ಮ ಬಂದು ರೂಪಾಯಿ ಇಟ್ಟು ಎಲ್ಲರೆದುರು ನಿಂತು ಮಿರ್ಚಿ ತಿಂದಿದ್ದಳು. ಆ ಕೈಯನ್ನು ತಾವು ಅಪಾಯದ ಮೂಲ ಎಂದು ಬರೆದಿದ್ದೀರಿ. ನನಗೆ ಸಿಟ್ಟು ಬಂದಿದೆ. ಮರ್ಯಾದೆಯ ಪತ್ರವಾದ್ದರಿಂದ ಇಷ್ಟೇ ಬರೆದಿದ್ದೇನೆ.

ಆದಕಾರಣ ತಮ್ಮಲ್ಲಿ ಕಳಕಳಿಯ ವಿನಂತಿ ಏನೆಂದರೆ, ನನ್ನ ಮೂವತ್ತೊಂದು ಸಾವಿರವನ್ನು ತಾವು ಬೇಕಿದ್ದರೆ ನೂರೆಂಬತ್ತು ದಿನವೂ ಇಟ್ಟುಕೊಂಡು ಸಾಕಿರಿ. ಆದರೆ ಜೋಗಮ್ಮನ ಕೈಗುಣ ನಿರ್ದೋಷಿ ಎಂದು ಗುಂಡು ಮೊಹರು ಒತ್ತಿದ ಪ್ರಮಾಣಪತ್ರವನ್ನು ಕೂಡಲೇ ಕಳಿಸಿಕೊಡಬೇಕು. ಅದನ್ನು ಆ ಡಬ್ಬಿಯ ಹೆಂಗಸಿನ ಬಾಯಿಂದ ದಿನಕ್ಕೆ ಐದು ಸಲ ದೊಡ್ಡ ದನಿಯಲ್ಲಿ ಹೇಳಿಸಬೇಕು. ತಮ್ಮ ಕಂಪನಿಯ ಅಧ್ಯಕ್ಷರು ಖುದ್ದಾಗಿ ಮಕ್ತಲ್‌ಗೆ ಬಂದು, ಸೋಮವಾರವಾದರೆ ಏಳೂವರೆಯೊಳಗೆ, ಜೋಗಮ್ಮನ ಕೈಯಿಂದ ಬೋಣಿ ಪಡೆದು ತಮ್ಮ ಕಂಪನಿಯನ್ನು ಹೊಸದಾಗಿ ತೆರೆಯಬೇಕು. ಎಂಕಪ್ಪನ ಗಾಳಿಯನ್ನು ಸ್ಪಷ್ಟವಾಗಿ ಕಾಣುವ ಕನ್ನಡಕ ತಮ್ಮವರಿಗೆ ಕೊಡಿಸಬೇಕು. ಇಷ್ಟಾದರೂ ಅನುಮಾನ ಉಳಿದರೆ ಜುರಾಲಾ ಡ್ಯಾಮಿನ ಗೇಟುಗಳನ್ನೂ ತಡೆಹಿಡಿಯಬೇಕು, ಯಾಕೆಂದರೆ ಅಲ್ಲಿಯ ನೀರು ಹೊಲಕ್ಕೆ ಹೋಗಿ, ಆವಿಯಾಗಿ, ಮೋಡವಾಗಿ, ಮಳೆಯಾಗಿ ಮತ್ತೆ ಅಲ್ಲಿಗೇ ಬರುತ್ತದೆ. ಅಷ್ಟು ದೊಡ್ಡ ವೃತ್ತಾಕಾರದ ವಹಿವಾಟು ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಪತ್ರವನ್ನು ಇಲ್ಲಿಯವರೆಗೆ ಭಾನುವಾರ ಬರೆದು, ಸಹಿ ಮಾಡುವುದನ್ನು ಮತ್ತೆ ಮರೆತು, ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದೆ. ಮರುದಿನ ನಡೆದದ್ದರಿಂದ ಮುಂದುವರಿಸಬೇಕಾಗಿದೆ.

ಸೋಮವಾರ ಬೆಳಿಗ್ಗೆ ನಮ್ಮ ಐವರ ಬ್ಯಾಂಕ್ ಖಾತೆಗೂ ತಮ್ಮಿಂದ ಹಣ ಬಂತು. ನನ್ನ ಕಣ್ಣು ತುಂಬಿ ಬಂತು. ಬಿಚ್ಚಿ ನೋಡಿದರೆ ಒಂದು ರೂಪಾಯಿ. ‘ಖಾತೆ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಲು ಕಳಿಸಿದ ಮೊತ್ತ’ ಎಂದು ಕೆಳಗೆ ಬರೆದಿತ್ತು. ಹೊತ್ತು ಏಳು ಐವತ್ತು. ಇನ್ನೂ ಒಬ್ಬ ಗಿರಾಕಿಯೂ ಬಂದಿರಲಿಲ್ಲ. ಅಂದರೆ ಮಾನ್ಯರೇ, ನಲವತ್ತು ದಿನ ಯಾರೂ ಕೊಡದೆ ಬಿಟ್ಟಿದ್ದ ಬೋಣಿಯನ್ನು ತಾವು ಕೊಟ್ಟಿರಿ, ಅದೂ ಸೋಮವಾರದ ರಾಹುಕಾಲದಲ್ಲಿ ಕೊಟ್ಟಿರಿ.

ಆ ದಿನದ ವರದಿಯನ್ನು ತಮ್ಮ ದಫ್ತರದಲ್ಲಿ ಇಟ್ಟುಕೊಳ್ಳಬೇಕಾಗಿ ಪ್ರಾರ್ಥನೆ. ಎಂಟು ಗಂಟೆಗೆ ನನ್ನ ಬಂಡಿಯ ಮೇಲೆ ಕೋತಿ ಇಳಿದು ಒಂದು ತಟ್ಟೆ ಮಿರ್ಚಿ ಎತ್ತಿಕೊಂಡು ಹೋಯಿತು. ಖಾರ ಹತ್ತಿ ಮರಳಿ ಬಂದು ನನ್ನನ್ನೇ ಅಟ್ಟಿಸಿಕೊಂಡು ಬಂತು. ಹತ್ತಕ್ಕೆ ಕರಿಬಸಯ್ಯ, ಮುಹೂರ್ತಕ್ಕೆ ಕೊಡಬೇಕಾದ ಕುಪ್ಪಸಕ್ಕೆ ಎರಡೂ ಎಡಗೈ ತೋಳುಗಳನ್ನೇ ಹೊಲಿದ. ಎಂಕಪ್ಪ ಬೇರೆಯವರ ಗಾಲಿಯಿಂದ ಮೊಳೆ ಕಿತ್ತು ಅದನ್ನೇ ತುಳಿದ. ಅಂಜನಕುಮಾರನ ಜೆರಾಕ್ಸ್ ಯಂತ್ರ ಮಧ್ಯಾಹ್ನದವರೆಗೆ ಬರೀ ಕರಿ ಹಾಳೆ ಕಕ್ಕಿತು. ಕೋಸಗಿ ಬಸ್ಸು ನಮ್ಮೆದುರು ಕೆಟ್ಟು ನಿಂತದ್ದು ನೋಡಿ ವ್ಯಾಪಾರವಾದೀತೆಂದು ಹಿಗ್ಗಿದೆವು. ಅದರೊಳಗಿದ್ದವರೆಲ್ಲ ಉಪವಾಸದ ಭಕ್ತರು.

ಸಂಜೆ ನಾನು, ಕೋತಿಗೆ ಹೆದರಿ ಓಡುವಾಗ ಉಳುಕಿದ ಕಾಲಿನಲ್ಲಿ ಕುಂಟುತ್ತ, ಜೋಗಮ್ಮನ ಮನೆಗೆ ಹೋಗಿ ಇದನ್ನೆಲ್ಲ ಒಪ್ಪಿಸಿದೆ. ಆಕೆಗೂ ರೂಪಾಯಿ ಬಂದಿತ್ತು, ಆಕೆಯ ಮನೆಯ ಹಾಲೂ ಒಡೆದಿತ್ತು. ಎಲ್ಲ ಕೇಳಿ, “ಎಷ್ಟೊತ್ತಿಗೆ ಬಂತಂದಿ?” ಎಂದಳು. ಏಳು ಐವತ್ತು ಎಂದೆ. ಬೆರಳ ಗೆಣ್ಣು ಎಣಿಸಿದಳು. “ಕೈ ಯಾರ್ದು?” ಎಂದಳು. ಕಂಪನಿಯದು ಎಂದೆ. ಆಗ ಆಕೆಯ ಮುಖ ಅರಳಿದ್ದನ್ನು ತಾವು ನೋಡಬೇಕಿತ್ತು. “ಅಯ್ಯ ನಿನ್ನ! ಕೆಟ್ಟದ್ದು ನನ್ ಕೈ ಅಲ್ಲಲೇ, ಅವರ್ದು! ನಲವತ್ತ್ ದಿನ ನನ್ ಕೈ ಮನ್ಯಾಗ ಐತಿ, ಮತ್ತ ಕೇಡು ಹೆಂಗ ಆತು?” ಎಂದು ಮಂಚದಿಂದ ಎದ್ದು ಅರಿಶಿನದ ಡಬ್ಬಿ ಹುಡುಕತೊಡಗಿದಳು.

ನಿನ್ನೆ ಮಂಗಳವಾರ ಬೆಳಗಿನ ಆರೂವರೆಗೆ ಜೋಗಮ್ಮ ಬುಟ್ಟಿ ಹೊತ್ತು ಬಂದಳು. ಬೆಕ್ಕಿನ ಮುಖದ ಸಿಂಹಗಳ ಹಳೆಯ ನಾಣ್ಯ ನನ್ನ ತಟ್ಟೆಗೆ ಟಣ್ ಎಂದು ಬಿತ್ತು, ಐದು ಅಂಗಡಿ ಸುತ್ತಿ ಏಳರೊಳಗೆ ಆಕೆಯ ಸೆರಗಿನ ಗಂಟಿಗೆ ಸೇರಿತು. ಹನ್ನೊಂದಕ್ಕೆ ನನ್ನ ಹಿಟ್ಟು ಖಾಲಿ. ಗಿರಾಕಿಗಳೆಲ್ಲ ನಗದು ಕೊಟ್ಟರು, ಯಾಕೆಂದರೆ ತಮ್ಮ ಡಬ್ಬಿಗೆ ಜೋಗಮ್ಮ ಒದ್ದೆ ಗೋಣಿ ಹೊದಿಸಿದ್ದಳು. ಆದ್ದರಿಂದ ಮೇಲೆ ಕೇಳಿದ ಪ್ರಮಾಣಪತ್ರ ಇನ್ನು ಬೇಕಾಗಿಲ್ಲ. ತಾವು ಒಂದು ರೂಪಾಯಿ ಖರ್ಚಿನಲ್ಲಿ ಅದನ್ನು ಕೊಟ್ಟಾಗಿದೆ. ಐವರ ಹಣವನ್ನು ಮಾತ್ರ ಬಿಟ್ಟುಕೊಡಬೇಕು. ಅದನ್ನು ಕಳಿಸುವಾಗ ದಯವಿಟ್ಟು ಜೋಗಮ್ಮನ ಬೋಣಿ ಆದ ಮೇಲೆಯೇ ಕಳಿಸಬೇಕು.

ಒಂದು ರೂಪಾಯಿಗೂ ಹತ್ತು ಸಲ ಲೆಕ್ಕ ಕೇಳಿಸಿಕೊಂಡವನು, ಈ ಸಲ ಸಹಿ ಹಾಕಿದವನು,

ತಮ್ಮ ವಿಶ್ವಾಸಿ,
(ಸಹಿ) ಆದೆಪ್ಪ

ಮರೆತ ಮಾತು: ಬೋಣಿ ಕೊಟ್ಟವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಸಾಲಿನ ಪದ್ಧತಿಯಲ್ಲ. ತಮ್ಮ ಐದು ರೂಪಾಯಿಗಳ ಬಾಬತ್ತು ಒಂದು ಮಿರ್ಚಿ, ಒಂದು ಗುಂಡಿ, ಒಂದು ಜೆರಾಕ್ಸ್ (ಕರಿ ಹಾಳೆ), ಒಂದು ಗೇಣು ಹೂ ಮತ್ತು ಒಂದು ಗಾಲಿಗೆ ಗಾಳಿ ತಮಗೆ ಸಲ್ಲಬೇಕು. ಆದರೆ ಹಣ ಬಂದ ಕೈ ಯಾರದೆಂದು ಖಚಿತವಾಗದ ಕಾರಣ ಈ ಸರಕನ್ನು ತಮ್ಮದೇ ಸುರಕ್ಷತೆಗಾಗಿ ತಡೆಹಿಡಿಯಲಾಗಿದೆ. ಬಾಯಿ ತೆರೆದ ಎರಡು ಫೋಟೋ, ಮಿರ್ಚಿ ತಿನ್ನುವ ಉದ್ದೇಶ ಮತ್ತು ತಮ್ಮ ಅಜ್ಜನ ಒಪ್ಪಿಗೆ ಪತ್ರದೊಂದಿಗೆ ಬಂಡಿಗೆ ಬರಬೇಕು. ಪರಿಶೀಲನೆಗೆ ನೂರೆಂಬತ್ತು ದಿನ ಹಿಡಿಯಬಹುದು. ಮಿರ್ಚಿ ಈಗಾಗಲೇ ತಣ್ಣಗಾಗಿದೆ. ತಮ್ಮ ತಾಳ್ಮೆಗೆ ಧನ್ಯವಾದಗಳು.